ಮೂವತ್ತೊಂದು ಸಲ ‘ಬೇಡ’

ಚಿತ್ರದುರ್ಗದ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಯ ಗೋಡೆಯ ಮೇಲೆ ಒಂದು ನಿಯಮವಿತ್ತು: ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪದ ಹೊರತು ಕ್ಲೌಡಿಗೆ ಏರಿಸುವಂತಿಲ್ಲ. ಅಂಟಿಸಿದ್ದು ಯಜಮಾನ ಯೋಗೇಶ್. ಕುರಿಗಳಿಗೆ ಯಾವ ದಿನ ಯಾವ ಲಸಿಕೆ ಹಾಕಿಸಬೇಕೆಂದು ನಾಲ್ಕು ತಾಲ್ಲೂಕಿನ ಸಾಕಣೆದಾರರ ಮೊಬೈಲಿಗೆ ತಿಳಿಸುವ ಆ್ಯಪ್ ಅವರದು. ಕ್ಲೌಡಿಗೆ ಏರಿದ್ದು ನಿಮಿಷದೊಳಗೆ ಎಲ್ಲರನ್ನೂ ತಲುಪುತ್ತದೆ, ಸರಿಯಿದ್ದರೂ ತಪ್ಪಿದ್ದರೂ.

ಗುತ್ತಿಗೆ ಮುಂದುವರಿಸುವ ಮೊದಲು ಈ ನಿಯಮ ನಡೆಯುತ್ತಿದೆಯೇ ನೋಡಿ ಬರಲು ಕುರಿ ಸಾಕುವವರ ಸಂಘ ಸುಷ್ಮಿತಾ ಎಂಬ ತಪಾಸಣೆಗಾರ್ತಿಯನ್ನು ಕಳಿಸಿತ್ತು. ಗುತ್ತಿಗೆ ಹೋದರೆ ಕಚೇರಿಗೆ ಬೀಗ. ಯೋಗೇಶ್ ಇಸ್ತ್ರಿ ಅಂಗಿ ತೊಟ್ಟು, ನಿಯಮದ ಮೇಲಿನ ಧೂಳನ್ನೂ ಒರೆಸಿಟ್ಟಿದ್ದ.

ಎರಡು ತಾಸು ದಾಖಲೆ ನೋಡಿ ಸುಷ್ಮಿತಾ ತಲೆಯೆತ್ತಿದಳು. “ಉಳಿದವರೆಲ್ಲ ಬಂದದ್ದಕ್ಕೆಲ್ಲ ಹೂಂ ಅಂದಿದ್ದಾರೆ. ಮೋಹನ್‌ಕುಮಾರ್ ಒಬ್ಬರೇ ನಾಲ್ಕು ತಿಂಗಳಲ್ಲಿ ಮೂವತ್ತೊಂದು ಸಲ ‘ಬೇಡ’ ಒತ್ತಿದ್ದಾರೆ. ಅವರು ಒಪ್ಪಿದ್ದರಲ್ಲಿ ಒಂದೂ ಕೆಟ್ಟಿಲ್ಲ. ಕರೀರಿ ಅವರನ್ನ.”

“ನಾನೇ ತಯಾರು ಮಾಡಿದ ಹುಡುಗ ಮೇಡಂ,” ಎಂದ ಯೋಗೇಶ್.

ತಯಾರಾದ ಹುಡುಗ ಬಂದು ನೆಲ ನೋಡಿದ. “ಅದು ನಾನಲ್ಲ ಮೇಡಂ. ನಮ್ಮವ್ವ.”

ಸುಷ್ಮಿತಾ ವಿವರ ಕೇಳಿದಳು, ಅವನು ಹೇಳಿದ.

ನಾಲ್ಕು ತಿಂಗಳಿಂದ ಮೋಹನ್‌ಕುಮಾರನ ಕೆಲಸ ಹಟ್ಟಿ ಹಟ್ಟಿ ತಿರುಗಿ ಆ್ಯಪ್ ಬಳಸುವುದನ್ನು ಕಲಿಸುವುದು. ಅಲ್ಲಿ ಸಿಗ್ನಲ್ ಇಲ್ಲ. ಇತರರ ಕೋಡಿಗೆ ಅವನ ಒಪ್ಪಿಗೆ ತಡವಾದರೆ ಯೋಗೇಶನ ಬೈಗುಳ. ಹಾಗಾಗಿ ಕಚೇರಿಯ ಫೋನನ್ನು ಶ್ರೀರಾಂಪುರದ ಮನೆಯಲ್ಲಿ ತಾಯಿ ಬೋರಕ್ಕನ ಕೈಗಿಟ್ಟು, “ಸದ್ದಾದ್ರೆ ಹಸ್ರು ಒತ್ತವ್ವ” ಎಂದಿದ್ದ. ‘ಬೇಡ’ ಎನ್ನುವ ಕೆಂಪೂ ಇದೆಯೆಂದು ಹೇಳಿರಲಿಲ್ಲ. ಅದನ್ನು ಆಕೆಯೇ ಕಂಡುಕೊಂಡಿದ್ದಳು.

“ಲೇ, ನಾಳಿಂದ ನೀನು ಬರಬ್ಯಾಡ!” ಯೋಗೇಶ್ ರೇಗಿದ.

“ತಡೀರಿ,” ಎಂದಳು ಸುಷ್ಮಿತಾ. “ಮೊದಲು ಆಕೆಗೆ ಫೋನ್ ಹಚ್ರಿ.”

ಸ್ಪೀಕರಿನಲ್ಲಿ ಮೊದಲು ಒಂದು ಕುರಿ ಅರಚಿತು, ಆಮೇಲೆ ಬೋರಕ್ಕ. “ಯಾರಪ್ಪಾ?”

“ಸಂಘದಿಂದ ಬಂದಿದೀನಮ್ಮ. ನಿಮಗೆ ಕೋಡ್ ಓದಕ್ಕೆ ಬರುತ್ತಾ?”

“ನನಗೆ ಬಸ್ಸಿನ ಬೋರ್ಡೇ ಬರಲ್ಲ ತಾಯಿ.”

“ಮತ್ತೆ ‘ಬೇಡ’ ಅಂತ ಹೆಂಗೆ ಒತ್ತಿದ್ರಿ?”

“ಬರ್ದೋರ ಫೋಟ ಬರ್ತೈತಲ್ಲ, ಪಕ್ಕದಾಗೆ ಫೋನಿನ ಗುರ್ತು. ಒತ್ತಿ ಕೇಳ್ತೀನಿ. ಏನ್ ಮಾಡಿದ್ದೀಯಪ್ಪ? ಕೆಟ್ರೆ ಮೊದ್ಲಿದ್ದಂಗೆ ಹೆಂಗೆ ತರ್ತೀಯ? ನೀನು ಜ್ವರ ಬಂದು ಮಲ್ಗಿದ್ರೆ ಇನ್ಯಾರು ತರ್ತಾರೆ? ತಡವರಿಸ್ದೋರಿಗೆ ಕೆಂಪು. ಕುರಿ ಹೊಡ್ಕಂಡು ಮಾರಿಕಣಿವೆ ಕಡೆ ಹೋಗೋರು ಎಲ್ಲಿಗೆ ಅಂತ ಎಲ್ರೂ ಹೇಳ್ತಾರೆ. ವಾಪಸ್ ಯಾವ ದಾರೀಲಿ ಅಂದ್ರೆ ಬಾಯಿ ಕಟ್ತೈತೆ.”

ಯೋಗೇಶ್ ಮೆಲ್ಲಗೆ ಹಿಂದೆ ಕೂತಿದ್ದ ಕೋಡ್ ಬರೆಯುವವರ ಕಡೆ ತಿರುಗಿದ. “ನಿಮಗೆಲ್ಲ ಗೊತ್ತಿತ್ತಾ?”

“ನನಗೊಬ್ಬಳಿಗೇ ಫೋನ್ ಮಾಡ್ತಾರೆ ಅನ್ಕೊಂಡಿದ್ದೆ ಸರ್,” ಎಂದಳು ಕೀರ್ತನಾ.

“ನಾನೂ,” ಎಂದು ಮೇಜಿನ ಕೆಳಗಿನಿಂದ ಕೇಳಿಸಿತು. ದುರ್ಗೇಶ್ ಅಲ್ಲಿ ಬಿದ್ದಿರದ ಪೆನ್ನೊಂದನ್ನು ಹುಡುಕುತ್ತಿದ್ದ.

ಸುಷ್ಮಿತಾ ದನಿ ಗಟ್ಟಿ ಮಾಡಿಕೊಂಡಳು. ಒಪ್ಪಿಗೆಯ ಅಧಿಕಾರ ಬೇರೆಯವರ ಕೈಗೆ ಕೊಟ್ಟದ್ದು ದೊಡ್ಡ ತಪ್ಪು, ಈಗಲೇ ತೆಗೆಯಬೇಕು. ಬೋರಕ್ಕನ ಕೈಯ ಫೋನಿಂದ ಅಧಿಕಾರ ತೆಗೆದದ್ದಾಯಿತು. ದುರ್ಗೇಶ್ ಬರೆದ ಕೋಡೊಂದು ಮೋಹನ್‌ಕುಮಾರನ ಒಪ್ಪಿಗೆಗೆ ಕಾದಿತ್ತು.

“ನೀನೇ ಒತ್ತಪ್ಪ,” ಎಂದ ಯೋಗೇಶ್, ಅವಸರದಲ್ಲಿ. “ನಿಯಮ ಹೆಂಗೆ ನಡೀತೈತೆ ಅಂತ ಮೇಡಂ ನೋಡ್ಲಿ.”

ಮೋಹನ್‌ಕುಮಾರನ ಬೆರಳು ಲ್ಯಾಪ್‌ಟಾಪಿನ ಹಸಿರಿನ ಕಡೆ ಸರಿಯಿತು.

“ಮೋಹನಾ,” ಎಂದಿತು ಇನ್ನೂ ಆರದಿದ್ದ ಸ್ಪೀಕರ್, “ಬರ್ದೋರ್ನ ಕೇಳ್ದೇನಲೇ?”

ದುರ್ಗೇಶ್ ಮೇಜಿಗೆ ತಲೆ ಬಡಿದುಕೊಂಡು ಎದ್ದ. “ಒತ್ತಬ್ಯಾಡ! ಲಸಿಕೆ ತಾರೀಕು ಹಳೇವೆಲ್ಲ ಅಳಿಸಿ ಹೋಗ್ತಾವೆ. ಹೊಸಾವು ತಪ್ಪಿದ್ರೆ ವಾಪಸ್ ತರಾಕೆ ಏನೂ ಇಟ್ಟಿಲ್ಲ. ಹೆಂಗೂ ಅವ್ವ ಕೇಳ್ತಾರಲ್ಲ, ಆವಾಗ ಹೇಳಾಣ ಅಂತಿದ್ದೆ.”

ನಾಲ್ಕೂ ತಾಲ್ಲೂಕಿನ ಕುರಿಗಳು ಅಪಾಯದಿಂದ ಒಂದು ಬೆರಳಿನಷ್ಟು ದೂರದಲ್ಲಿ ಉಳಿದುಕೊಂಡಿದ್ದವು. ಯೋಗೇಶ್ ಕುರ್ಚಿಗಾಗಿ ಹಿಂದೆ ತಡಕಿದ. ಸಿಗದೆ ಗೋಡೆಗೆ, ತನ್ನ ನಿಯಮಕ್ಕೇ ಒರಗಿ ನಿಂತ. ಮೋಹನ್‌ಕುಮಾರ್ ಕೆಂಪು ಒತ್ತಿದ.

ಸುಷ್ಮಿತಾ ಬರೆದಳು: ಗುತ್ತಿಗೆ ಸದ್ಯಕ್ಕೆ ಮೂರು ತಿಂಗಳು. ಅಷ್ಟರೊಳಗೆ ಬೋರಕ್ಕನ ಮೂರು ಪ್ರಶ್ನೆಗಳು ಹಸಿರು ಗುಂಡಿಯ ಮೇಲೆ ಬರಬೇಕು, ಉತ್ತರವಿಲ್ಲದೆ ಅದು ಒತ್ತಿಸಿಕೊಳ್ಳಬಾರದು.

“ಮೋಹನ್‌ಕುಮಾರ್ ನಾಳೆ ಬರ್ತಾರಲ್ಲ?” ಎಂದು ಯೋಗೇಶನನ್ನು ಕೇಳಿದಳು.

ಯೋಗೇಶ್ ಹೌದೆಂದು ತಲೆ ಆಡಿಸಿದ.

“ಬರ್ತಾನೆ ತಾಯಿ,” ಎಂದಳು ಬೋರಕ್ಕ. “ಫೋನು ಅವನ ಕೈಲೇ ಕೊಟ್ಟು ಕಳಿಸ್ತೀನಿ.”