ಹರಿದಿನದ ಗುಳಿಗೆ

"ಬಾಯಿ ತೆಗಿ," ಎಂದು ಗೋವಿಂದರಾಯರು ಮತ್ತೊಮ್ಮೆ ಹೇಳಿದರು. ಅವರ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರಿನ ಲೋಟ. ಹೆಂಡತಿ ಸರಸ್ವತೀಬಾಯಿ ದೇವರ ಮನೆಯ ಬಾಗಿಲಿಗೆ ಒರಗಿ ಕೂತು ಹೂಬತ್ತಿ ಹೊಸೆಯುತ್ತಲೇ ಇದ್ದರು.

"ಇವತ್ತ ಏಕಾದಶಿ. ನಾಳೆ ಪಾರಣಿ ಆದ ಮ್ಯಾಲೆ ತಗೋತೀನಿ."

"ಎರಡೂ ಕೂಡಿಸಿ?"

ಕಳೆದ ದ್ವಾದಶಿಗೆ ನಡೆದದ್ದೂ ಅದೇ. ಎದೆಬಡಿತ ತಾಳ ತಪ್ಪಿದಂದಿನಿಂದ ಆಕೆ ರಕ್ತ ತೆಳು ಮಾಡುವ ಗುಳಿಗೆಯನ್ನು ದಿನಕ್ಕೊಂದು ನುಂಗಬೇಕಿತ್ತು. ಏಕಾದಶಿಗೆ ಬಿಟ್ಟು, ದ್ವಾದಶಿಗೆ ಜೋಡಿ ನುಂಗಿ ಸರಿದೂಗಿಸುತ್ತಿದ್ದರು. ಇಂಥ ಜಾಣತನ ಯಾವ ಪಂಚಾಂಗದಲ್ಲಿ ಸಿಕ್ಕಿತ್ತೋ ಏನೋ. ಮೂಗಿನಿಂದ ಸುರಿದ ರಕ್ತ ಸೆರಗು ತೊಯ್ದರೂ ನಿಲ್ಲದೆ, ಹಲಸಂಗಿಯಿಂದ ಇಂಡಿಯ ಆಸ್ಪತ್ರೆಗೆ ಓಡಿದಾಗಲೇ ಗುಟ್ಟು ಹೊರಬಿದ್ದದ್ದು.

"ನಮ್ಮ ಅವ್ವನೂ ರೋಜಾದಾಗ ಹಿಂಗ ಮಾಡ್ತಿದ್ಳರಿ," ಎಂದು ಡಾಕ್ಟರ್ ಅಮೀನುದ್ದೀನ ನಕ್ಕಿದ್ದರು. ಆಮೇಲೆ ರಾಯರನ್ನು ಹೊರಗೆ ಕರೆದು, ನಗದೆ ಹೇಳಿದ್ದರು: "ಗುಳಿಗಿ ತಪ್ಪಿದ್ರ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗ್ತೈತ್ರಿ, ಲಕ್ವಾ ಹೊಡೀತೈತಿ. ಜೋಡಿ ತಗೊಂಡ್ರ ಹಿಂಗ ರಕ್ತ. ಒಂದಿನಾನೂ ತಪ್ಪಸಬ್ಯಾಡ್ರಿ."

"ಔಷಧಕ್ಕ ದೋಷ ಇಲ್ಲಂತ ಶಾಸ್ತ್ರದಾಗನ ಅದ," ರಾಯರು ಈಗ ದನಿ ತಗ್ಗಿಸಿದರು.

"ಇದ್ದೀತು. ಸೊಸಿ ಬಸುರಿದ್ದಾಗ ಏಕಾದಶಿಗೆ ಒಂದ ಗುಟುಕ ಚಹಾ ಕುಡದದ್ದಕ್ಕ ವಾರಗಟ್ಟಲೆ ಆಕಿ ಜೋಡಿ ಮಾತಾಡಲಿಲ್ಲ ನೀವು. ಅವಾಗ ಶಾಸ್ತ್ರ ಎಲ್ಲಿ ಹೋಗಿತ್ತು?"

ರಾಯರು ಮುಂಜಿಯಾದಂದಿನಿಂದ ಏಕಾದಶಿಗೆ ಹನಿ ನೀರು ಮುಟ್ಟದ ಮನುಷ್ಯ. ಅದಕ್ಕಾಗಿ ಊರು ಕೈ ಮುಗಿಯುತ್ತಿತ್ತು. ಅವರಿಗೂ ಅದು ಹಿತವಾಗಿಯೇ ಇತ್ತು. ಜೋಡಿ ಗುಳಿಗೆಯಿಂದ ಹೆಂಡತಿಯ ಮೊಣಕೈಯಲ್ಲಿ ಮೂಡಿದ್ದ ನೀಲಿ ಕಲೆ ಇನ್ನೂ ಮಾಸಿರಲಿಲ್ಲ. ನಾಳೆ ಈಕೆಯ ಬಾಯಿ ಸೊಟ್ಟಗಾಗಿ ಜಗಳಕ್ಕೂ ಮಾತು ಹೊರಡದಂತಾದರೆ ಎಂದು ಅವರಿಗೆ ನಿಜಕ್ಕೂ ಹೆದರಿಕೆಯಾಯಿತು.

"ನೀವು ಗಂಟಲಾ ಒಣಗಿಸಿಕೊಂಡ ಕೂತಾಗ ನಾ ಹ್ಯಾಂಗ ನೀರ ಕುಡೀಲಿ," ಎಂದರು ಆಕೆ, ಮೆತ್ತಗೆ.

ರಾಯರು ಲೋಟವನ್ನು ತುಟಿಗೆ ತಾಗದಂತೆ ಎತ್ತಿ ಹಿಡಿದು ಗಟಗಟನೆ ಅರ್ಧ ಕುಡಿದುಬಿಟ್ಟರು. ರೂಢಿಯಿಲ್ಲದ ಗಡಿಬಿಡಿಗೆ ನೀರು ಗದ್ದದಿಂದಿಳಿದು ಎದೆಯ ಮೇಲಿನ ಗೋಪೀಚಂದನದ ಮುದ್ರೆ ಕದಡಿತು.

ಬತ್ತಿ ಹೊಸೆಯುವ ಕೈ ನಿಂತಿತು. ಸರಸ್ವತೀಬಾಯಿ ಎದ್ದು ಬಂದು, ಸೆರಗಿನಿಂದ ಅವರ ಗದ್ದ ಒರೆಸಿ, ಗುಳಿಗೆಗೆ ಅಂಗೈ ಚಾಚಿದರು.