ಚಮಚ ಹಕ್ಕಿಯ ಫೋಟೋ

ದೊಡ್ಡಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಕಡಿಮೆಯಾಯಿತು. ನೋವಿನ ಮಾತ್ರೆ ನುಂಗಿ ಅರೆನಿದ್ದೆಯಲ್ಲಿ ಇರುವವಳು ಏನೇ ಹೇಳಲಿ, ಎಲ್ಲರೂ “ಹೂಂ, ಹೂಂ” ಎಂದು ಹೊದಿಕೆ ಸರಿಮಾಡಿ ಹೋಗುತ್ತಿದ್ದರು. ಬೀಳುವುದಕ್ಕೆ ಮುಂಚೆ ಒಂದು ಮುಸ್ಸಂಜೆ ಮನೆಯ ಹಿಂದಿನ ಕೆರೆಯಂಚಿನಲ್ಲಿ ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳನ್ನು ಕಂಡೆ ಎಂದಾಗಲೂ ಅಷ್ಟೇ.

“ಚಮಚ ಇದ್ಮೇಲೆ ತಟ್ಟೆನೂ ಹಿಡ್ಕೊಂಡಿರ್ಬೇಕಲ್ಲ, ನೋಡ್ಲಿಲ್ವಾ?” ಎಂದ ದೊಡ್ಡಪ್ಪ.

ಮೊದಲಾಗಿದ್ದರೆ ದೊಡ್ಡಮ್ಮ ಒಂದಕ್ಕೆ ಎರಡು ಹೇಳುತ್ತಿದ್ದಳು. ಈಗ ಗೋಡೆಯತ್ತ ಮುಖ ತಿರುಗಿಸಿದಳು. ತಂಗಿಯ ಮಗಳು ಗುಮ್ಮಿ ತನ್ನ ತಲೆ ಬಾಚುತ್ತಿದ್ದಾಗ ದೊಡ್ಡಮ್ಮ ಮೆಲ್ಲಗೆ ಕೇಳಿದಳು. “ನಿಜ ಹೇಳೇ, ನನ್ ತಲೆ ಕೆಟ್ಟಿದ್ಯಾ?”

ಬಾಯಿ ಬಿಡದೆ ಗುಮ್ಮನಗುಸುಕಿಯಂತೆ ಇರುತ್ತಾಳೆಂದು ಗುಮ್ಮಿಗೆ ಆ ಹೆಸರು. ಶಾಲೆ ಬಿಟ್ಟಾಗಿನಿಂದ ದೊಡ್ಡಪ್ಪನ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವುದು ಅವಳ ಕೆಲಸ. ಇಲ್ಲ ಎಂದು ಹೇಳಬಹುದಿತ್ತು. ಆದರೆ ಸಮಾಧಾನಕ್ಕೆ ಹಾಗನ್ನುವವರು ಮನೆ ತುಂಬ ಇದ್ದರು. ಬೇಕಿದ್ದುದು ಕಣ್ಣೆದುರಿಗೆ ಹಿಡಿಯುವಂಥದ್ದು.

ಅಂಗಡಿಗೆ ಯಾರೋ ಒಂಟಿ ಕಣ್ಣಿನ ಒಂದು ದೊಡ್ಡ ದುರ್ಬೀನನ್ನು ಗಾಜಿಗೆ ಹಿಡಿದ ಬೂಷ್ಟು ತೆಗೆಯಲು ಕೊಟ್ಟಿದ್ದರು. ಕೆಲಸ ಮುಗಿದಿತ್ತು, ಮಾರನೆಯ ಬೆಳಿಗ್ಗೆ ಒಯ್ಯುವವರಿದ್ದರು. ಯಾವತ್ತೂ ಏನನ್ನೂ ಕೇಳದ ಗುಮ್ಮಿ ಇವತ್ತೊಂದು ಸಂಜೆಗೆ ಅದನ್ನು ಕೇಳಿದಳು. ದೊಡ್ಡಪ್ಪ ಬೆಪ್ಪಾದ. “ಹುಷಾರು. ಒಡೆದ್ರೆ ನಿನ್ನನ್ನೂ ನನ್ನನ್ನೂ ಒಟ್ಟಿಗೆ ಮಾರಿದ್ರೂ ಸಾಲಲ್ಲ.”

ಅಂಗಡಿ ಮುಚ್ಚಿ ಮನೆಯ ತಾರಸಿ ಹತ್ತುವಷ್ಟರಲ್ಲಿ ಬಿಸಿಲು ಹೋಗಿತ್ತು. ದುರ್ಬೀನಿನ ಮೂರು ಕಾಲಿನ ಸ್ಟ್ಯಾಂಡು ಅಲುಗದಿರಲಿ ಎಂದು ಒಡೆದ ಗಾಜಿನ ಚೀಲವೊಂದನ್ನು ಅದರ ನಡುವೆ ತೂಗುಹಾಕಿದಳು. ಕಣ್ಣಿಡುವ ತುದಿಗೆ ಶಾಂಪೂ ಬಾಟಲಿಯ ಮುಚ್ಚಳ ಕೊರೆದು ಸಿಕ್ಕಿಸಿ, ಫೋನನ್ನು ಅದಕ್ಕೆ ಆನಿಸಿ ಕಟ್ಟಿದಳು. ಬೆರಳು ತಾಗಿದರೂ ಚಿತ್ರ ನಡುಗುತ್ತಿತ್ತು. ಅದಕ್ಕೇ ಇಯರ್‌ಫೋನಿನ ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಫೋಟೋ ತೆಗೆಯತೊಡಗಿದಳು.

ಕೆರೆಯ ಆಚೆ ದಡ ಅವಳ ಮಡಿಲಿಗೇ ಬಂದು ಕೂತಿತು. ಹಾಲಿಗೆ ಒಂದು ಹನಿ ಶಾಯಿ ಬಿದ್ದಂಥ ನೀರು. ಅದರಲ್ಲಿ ಒಂಟಿಗಾಲಲ್ಲಿ ನಿಂತ ಬಿಳಿ ಹಕ್ಕಿಗಳು, ಬೆನ್ನ ಗರಿಯೊಳಗೆ ಕೊಕ್ಕು ಹುದುಗಿಸಿಕೊಂಡು ನಿದ್ದೆ ಹೋಗಿದ್ದವು. ಅವು ಉಸಿರಾಡುವುದು ಕಂಡರೂ ಸದ್ದಿಲ್ಲ. ಕೆಳಗಿನ ಬೀದಿಯ ಗಾಡಿಗಳೂ ಯಾರದೋ ಕನಸಿನಲ್ಲಿ ಓಡುತ್ತಿದ್ದಂತಿತ್ತು. ಫೋಟೋಗಳು ಚೆನ್ನಾಗೇ ಬಂದವು. ಆದರೆ ಅವುಗಳಲ್ಲಿ ಇದ್ದದ್ದು ಕೊಕ್ಕಿಲ್ಲದ ಬಿಳಿ ದಿಂಬುಗಳು.

ಬೆಳಕು ಇನ್ನಷ್ಟು ಇಳಿದಾಗ ಹಕ್ಕಿಗಳು ಎದ್ದು ಮೇಯತೊಡಗಿದವು. ಗುಮ್ಮಿ ಫೋನು ಬಿಚ್ಚಿ ಕಣ್ಣನ್ನೇ ಇಟ್ಟಳು. ಉದ್ದ ಕೊಕ್ಕು, ತುದಿಯಲ್ಲಿ ಚಪ್ಪಟೆ ಗುಂಡು. ಚಮಚವೇ! ಫೋನನ್ನು ಮತ್ತೆ ಕಟ್ಟಿದಳು. ಆದರೆ ಆ ಮಬ್ಬಿನಲ್ಲಿ ಬೆಳಕು ಕೂಡಿಸಿಕೊಳ್ಳಲು ಫೋನಿಗೆ ಹೊತ್ತು ಹಿಡಿಯುತ್ತಿತ್ತು. ಹಕ್ಕಿಗಳೋ ತಲೆ ನಿಲ್ಲಿಸುತ್ತಿರಲಿಲ್ಲ. ಮತ್ತೆ ಮತ್ತೆ ತೆಗೆದಳು. ಮೈ ನೆಟ್ಟಗೆ ಬಂದರೆ ತಲೆ ಇರುವಲ್ಲಿ ಬರೀ ಕದಡು. ಕೊನೆಗೆ ನೀರೂ ಹಕ್ಕಿಯೂ ಒಂದೇ ಬಣ್ಣವಾದವು.

ಕೆಳಗೆ ದೊಡ್ಡಮ್ಮನ ಮಂಚದ ಬಳಿ ದೊಡ್ಡಪ್ಪ ಫೋನು ಇಸಿದುಕೊಂಡು ನೋಡಿದ. “ಇದೇನಮ್ಮಾ, ಹಕ್ಕಿನೋ ಸುಣ್ಣ ಬಳಿಯೋ ಬ್ರಷ್ಷೋ?”

ಗುಮ್ಮಿಗೆ ಅಳಿಸಿಹಾಕೋಣ ಎನ್ನಿಸಿತು. ಅಷ್ಟರಲ್ಲಿ ದೊಡ್ಡಮ್ಮ ಕೈ ಚಾಚಿದಳು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಇನ್ನೊಂದು ಕೈ ಹಾಸಿಗೆಯ ಮೇಲೆ ತಾನಾಗಿಯೇ ಎಡಕ್ಕೂ ಬಲಕ್ಕೂ ಆಡತೊಡಗಿತು.

“ಇದೇ ಕಣೇ! ಹೀಗೇ ಕೊಕ್ಕು ಬೀಸ್ಕೊಂಡು ಹೋಗ್ತಿದ್ವು, ನೀರು ಗುಡಿಸೋ ಹಾಗೆ. ಕೊಕ್ಕರೆ ಕುಕ್ಕುತ್ತೆ, ಇದು ಗುಡಿಸುತ್ತೆ.”

ಈ ಮಾತನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಚಮಚ ಎಂದೊಡನೆ ಎಲ್ಲರೂ ನಕ್ಕುಬಿಟ್ಟಿದ್ದರು, ಮುಂದಕ್ಕೆ ಕೇಳಿದವರಿರಲಿಲ್ಲ. ದೊಡ್ಡಪ್ಪ ಬಗ್ಗಿ ಮತ್ತೆ ನೋಡಿದ. ಆ ಬಿಳಿ ಕದಡು ಕೊಕ್ಕು ಬೀಸಿದ ದಾರಿಯೇ ಆಗಿತ್ತು.

“ತಟ್ಟೆ ಎಲ್ಲಿ ಅಂದ್ರಲ್ಲ,” ಎಂದಳು ದೊಡ್ಡಮ್ಮ, “ಕೆರೆನೇ ತಟ್ಟೆ ಕಣ್ರೀ.”

ಗುಮ್ಮಿ ಅಭ್ಯಾಸಬಲದಿಂದ ಹೊದಿಕೆಗೆ ಕೈಹಾಕಿದಳು.

“ಅದನ್ನ ಬಿಡೇ,” ದೊಡ್ಡಮ್ಮ ಆ ಕೈಯನ್ನು ತಳ್ಳಿದಳು. “ಇನ್ನೊಂದು ತೋರ್ಸು.”