ಗಾಡಿ ಹತ್ತಿದ ಛೇದ

ಯುದ್ಧ ಮುಗಿದಿತ್ತು, ನೂಲಿನ ರೇಷನ್ ಮುಗಿದಿರಲಿಲ್ಲ. ತಿಕೋಟಾದ ನೇಕಾರ ಗೊಲ್ಲಾಳಪ್ಪ ಮಗ್ಗದ ಮುಂದೆ ಕೂಡುವುದಕ್ಕಿಂತ ಹೆಚ್ಚು ಹೊತ್ತು ವಿಜಾಪುರದಲ್ಲಿ ನೂಲಿನ ಸರದಿಯಲ್ಲಿ ನಿಲ್ಲುತ್ತಿದ್ದ. ಆಗ ಸರಕಾರ ಸಾರಿತು: ತಿಕೋಟಾ, ಬಬಲೇಶ್ವರ ಎರಡರಲ್ಲಿ ನೇಯ್ಗೆ ಎಲ್ಲಿ ಹೆಚ್ಚು ದಟ್ಟವೋ ಅಲ್ಲಿಗೆ ನೂಲಿನ ಡಿಪೋ.

ದಟ್ಟಣೆ ಅಳೆಯುವ ಬಗೆಯನ್ನು ತಿಕೋಟಾ ಶಾಲೆಯ ಗುರುಪಾದಯ್ಯ ಮಾಸ್ತರರು ಚಾವಡಿಯಲ್ಲಿ ಹಲಗೆ ನಿಲ್ಲಿಸಿ ಕಲಿಸಿದರು.

"ಬರೇ ಮಗ್ಗ ಎಣಿಸಿದರ ಸಾಲೂದಿಲ್ಲ. ಊರಾಗ ದುಡಿಯೋ ನೂರು ಮಂದ್ಯಾಗ ನೇಕಾರರು ಎಷ್ಟು? ಇಡೀ ಜಿಲ್ಲಾದಾಗ ನೂರಕ್ಕ ಎಷ್ಟು? ಮೊದಲನೇದನ್ನ ಎರಡನೇದರಿಂದ ಭಾಗಿಸ್ರಿ. ಒಂದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ದಟ್ಟ."

ವಿದ್ಯೆ ಒಂದೇ ಊರಿನ ಆಸ್ತಿಯಲ್ಲವೆಂಬುದು ಅವರ ತತ್ವ. ಮರುದಿನ ಬಬಲೇಶ್ವರಕ್ಕೂ ಹೋಗಿ ಅದೇ ಪಾಠ ಮಾಡಿ ಬಂದರು.

ಎಣಿಕೆಯ ದಿನ ನಸುಕಿನಲ್ಲಿ ಅವರು ಕಂಡದ್ದೇನು? ಕ್ಷೌರಿಕ ಧೂಳಪ್ಪ, ಕುಂಬಾರರು, ಬಡಿಗರು, ಎಲ್ಲರೂ ಗಾಡಿ ಹತ್ತುತ್ತಿದ್ದರು.

"ಎಲ್ಲಿಗೋ ಧೂಳಪ್ಪಾ?"

"ಬಬಲೇಶ್ವರಕ್ಕರಿ. ನೇಕಾರರನ್ನ ಹೆಚ್ಚು ಮಾಡಾಕ ಆಗೂದಿಲ್ಲ, ಉಳಿದವರು ಕಡಿಮಿ ಆದರ ನಮ್ಮ ದಟ್ಟಣಿ ಏರ್ತದಲ್ರಿ? ನಾವು ಅಲ್ಲಿ ಎಣಿಸಿಕೊಂಡರ ಅವರ ದಟ್ಟಣೀನೂ ಇಳೀತದ. ನೀವ ಕಲಿಸೀರಿ."

ಗೊಲ್ಲಾಳಪ್ಪ ಕೈಮುಗಿದ. "ಮಾಸ್ತರ, ನೀವೂ ನೇಯೂದಿಲ್ಲ. ಹತ್ರಿ ಗಾಡಿ."

"ಛೀ! ಭಾಗಾಕಾರಕ್ಕ ಮೋಸ ಮಾಡ್ತೀರಿ? ನಾ ಇಲ್ಲೇ ಕೂತು ಎಣಿಸಿಕೊಳ್ತೇನಿ!"

ಮಧ್ಯಾಹ್ನ ಎಣಿಕೆಯ ಸಾಹೇಬರು ಚಾವಡಿಗೆ ಬಂದರು. ಅವರ ಬೆನ್ನಿಗೇ ಗಾಡಿಗಳು ಬಂದು ನಿಂತವು. ಇಳಿದವರು ಬಬಲೇಶ್ವರದ ಕ್ಷೌರಿಕರು, ಕುಂಬಾರರು, ಬಡಿಗರು!

"ನಾವು ತಿಕೋಟಾದವರರಿ, ಬರಕೊಳ್ರಿ," ಎಂದ ಅವರಲ್ಲೊಬ್ಬ, ನಾಚಿಕೆಯಿಲ್ಲದೆ.

ಗೊಲ್ಲಾಳಪ್ಪ ಬಾಯಿ ತೆರೆದ. ತಮ್ಮ ಗಾಡಿಗಳ ನೆನಪಾಗಿ ಮುಚ್ಚಿದ. ಅವರ ಸುಳ್ಳನ್ನು ಹೊರಗೆಡವಿದರೆ ತಮ್ಮದೂ ಹೊರಬೀಳುತ್ತದೆ, ಡಿಪೋ ಕೈತಪ್ಪುತ್ತದೆ. ಮಾಸ್ತರರೂ ಇದನ್ನು ಅರಿತರು. ಅರಿತೂ ಎದ್ದು ನಿಂತರು.

"ಸಾಹೇಬರ, ಇವರು ಬಬಲೇಶ್ವರದವರು. ನಮ್ಮವರು ಅಲ್ಲಿ ಹೋಗ್ಯಾರ. ಎರಡೂ ಊರಿಗೆ ಕಲಿಸಿದಾಂವ ನಾನ!"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಹಂಗಾದರ ಯಾರ ಮನಿ ಎಲ್ಲಿ ಐತೋ ಅಲ್ಲೇ ಅವರ ಲೆಕ್ಕ. ಆ ಕಡೆ ಎಣಿಸೋರಿಗೂ ಹೇಳಿ ಕಳಸ್ತೇನಿ."

ಸಂಜೆಗೆ ಎರಡೂ ಊರಿನ ಭಾಗಾಕಾರ ಮುಗಿಯಿತು. ಕೂದಲೆಳೆಯಷ್ಟು ಮುಂದೆ ತಿಕೋಟಾ! ಗೊಲ್ಲಾಳಪ್ಪ ಮಾಸ್ತರರ ಕಾಲಿಗೆ ಬಿದ್ದ. ಸತ್ಯಕ್ಕೆ ಇಂಥ ದಿನವೂ ಉಂಟೆಂದು ಅವರ ಎದೆ ಉಬ್ಬಿತು.

ಅಷ್ಟರಲ್ಲಿ ಧೂಳಪ್ಪ ಹಿಗ್ಗುತ್ತ ಗಾಡಿಯಿಂದ ಜಿಗಿದ.

"ಅಲ್ಲಿಯ ಕ್ಷೌರಿಕರೆಲ್ಲ ಇಲ್ಲೇ ಬಂದಿದ್ದರಲ್ರಿ, ಇಡೀ ಬಬಲೇಶ್ವರದ ಗಡ್ಡ ನನ್ನ ಪಾಲಿಗೇ ಬಂತು! ಮಾಸ್ತರ, ಮತ್ತ ಯಾವಾಗ ಎಣಿಸ್ತಾರ್ರಿ?"